ಚೆನ್ನಾಜಮ್ಮನ ಅಂಕಿ

“ನಾನು ಮುಳುಗ್ಬೇಕಾಗಿತ್ತು! ಯಾಕೆ ಮುಳುಗ್ಲಿಲ್ಲ, ಹೇಳು!”

“ಮೊದ್ಲು ಒಳಗೋಗಿ ಸೀರೆ ಬದ್ಲಾಯ್ಸು. ಅಂಗಳದಲ್ಲಿ ನಿಂತ್ಕೊಂಡು ಬಾಯಿ ಮಾಡ್ಬೇಡ.”

“ಬದ್ಲಾಯ್ಸಲ್ಲ. ನೀರು ತಪ್ಪೋ, ನಾನು ತಪ್ಪೋ? ಎರಡ್ರಲ್ಲಿ ಒಂದು ಹೇಳು. ಆಮೇಲೆ ಒಳಗೆ ಬರ್ತೀನಿ.”

“ತಲೆ ಕೆಟ್ಟಿದೆ ಕಣೆ ನಿಂಗೆ! ಬದುಕಿ ಬಂದಿದೀಯಲ್ಲ, ಅಷ್ಟು ಸಾಲ್ದಾ? ಮುಳುಗ್ಲಿಲ್ಲ ಅಂತ ಗಂಡನ ಮೇಲೆ ಜಗಳಕ್ಕೆ ಬಂದ ಹೆಂಗಸನ್ನ ಇವತ್ತೇ ನೋಡಿದ್ದು ನಾನು!”

ನಾನು ಕೂಗಿದ್ದು ಸಿಟ್ಟಿಗಲ್ಲ, ಹೆದರಿಕೆಗೆ. ನನಗೆ ಹೆದರಿಕೆಯಾದಾಗ ದನಿ ಏರುತ್ತದೆ. ಊರಿನವರು ಅದನ್ನು ಸಿಟ್ಟು ಎಂದುಕೊಳ್ಳುತ್ತಾರೆ. ನಾನೂ ಅವರನ್ನು ತಿದ್ದಲು ಹೋಗಿಲ್ಲ. ನನ್ನ ಹೆಂಡತಿ ಚೆನ್ನಾಜಮ್ಮ ತೊಟ್ಟಿಕ್ಕುವ ಸೀರೆಯಲ್ಲಿ ಅಂಗಳದ ನಡುವೆ ನಿಂತಿದ್ದಳು. ಅವಳ ಕತ್ತಿನಲ್ಲಿ ತಗಡಿನ ಬಿಲ್ಲೆ ನೇತಾಡುತ್ತಿತ್ತು. ಬಿಲ್ಲೆಯ ಮೇಲೆ ನೂರಾ ಒಂದು ಎಂದು ಕೊರೆದಿತ್ತು. ಕೊರೆದವನು ನಾನೇ. ಅವತ್ತು ಬೆಳಿಗ್ಗೆ ದೋಣಿಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವ ಹಾಗೆ “ನೀರು ತೊಂಬತ್ತೊಂಬತ್ತು” ಎಂದು ಕೂಗಿದವನೂ ನಾನೇ.

ಪರ ಊರಿನವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಕೆರೆಯ ನೀರಿಗೆ ದಿನಕ್ಕೊಂದು ತೂಕ. ಯಾಕೆ ಎಂದು ಕೇಳಬೇಡಿ; ನಿಮ್ಮ ಊರಿನಲ್ಲಿ ಗಾಳಿ ದಿನಕ್ಕೊಂದು ದಿಕ್ಕಿನಿಂದ ಬೀಸುತ್ತದೆ, ಅದಕ್ಕೆ ನೀವೇನು ಕಾರಣ ಹುಡುಕುತ್ತ ಕೂತಿದ್ದೀರಾ? ಬೆಳಿಗ್ಗೆ ಹೊತ್ತು ಹುಟ್ಟುವಾಗ ಯಾವ ತೂಕಕ್ಕೆ ನಿಂತಿತೋ ಅವತ್ತೆಲ್ಲ ಅದೇ ತೂಕ. ನಾನು ಕೆರೆಯ ಎಂಟನೇ ಮೆಟ್ಟಿಲಿಗಿಳಿದು ಅಳತೆಯ ಚೊಂಬನ್ನು ಕಂಠಮಟ್ಟ ತುಂಬಿಕೊಂಡು ಬಂದು ತಕ್ಕಡಿಯಲ್ಲಿಡುತ್ತೇನೆ. ಇನ್ನೊಂದು ತಟ್ಟೆಗೆ ಸೀಸದ ಗುಂಡು ಹಾಕುತ್ತೇನೆ. ಚೊಂಬಿನ ತೂಕ ಕಳೆದು, ನೀರಿಗೆ ಎಷ್ಟು ಗುಂಡು ಸಮ ನಿಂತವೋ ಅದು ಆ ದಿನದ ಅಂಕಿ. ನೂರರ ಆಸುಪಾಸು ಬಂದರೆ ಮಾಮೂಲು. ಒಂದು ಚೊಂಬಿನಷ್ಟು ಗಾತ್ರದ ಮರ ಎಷ್ಟು ಗುಂಡು ತೂಗುತ್ತದೆ, ಅಷ್ಟೇ ಗಾತ್ರದ ಕಲ್ಲು ಎಷ್ಟು, ಮನುಷ್ಯ ಎಷ್ಟು ಎಂದು ಗೊತ್ತಿದ್ದರೆ ಸಾಕು. ನೀರಿನ ಅಂಕಿಗಿಂತ ಕಮ್ಮಿಯಿದ್ದದ್ದು ತೇಲುತ್ತದೆ, ಜಾಸ್ತಿಯಿದ್ದದ್ದು ಮುಳುಗುತ್ತದೆ. ಇಷ್ಟೇ ವಿದ್ಯೆ. ನಾನು ಓದಿದ ಏಳನೇ ಕ್ಲಾಸಿಗೆ ಇದು ಬೇಕಾದಷ್ಟಾಯಿತು.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ನೀರು ನೂರಹತ್ತು ದಾಟಿದ ದಿನ ನಮ್ಮೂರಿನಲ್ಲಿ ಯಾರೂ ಮೊಟ್ಟೆ ಕೊಳ್ಳುವುದಿಲ್ಲ. ಅವತ್ತು ಒಳ್ಳೆಯ ಮೊಟ್ಟೆಯೂ ತೇಲುತ್ತದೆ, ಕೊಳೆತದ್ದೂ ತೇಲುತ್ತದೆ, ಆಯುವುದು ಹೇಗೆ? ಎಂಬತ್ತಕ್ಕಿಳಿದ ದಿನ ಬಾತುಕೋಳಿಗಳು ನೀರಿಗೆ ಕಾಲಿಟ್ಟು, ಬೈದುಕೊಳ್ಳುತ್ತ ವಾಪಸು ಬರುತ್ತವೆ. ನನ್ನ ಅಪ್ಪನ ಕಾಲದಲ್ಲಿ ಒಂದು ಸಲ ಇನ್ನೂರ ಎಪ್ಪತ್ತಾಗಿ ಬಟ್ಟೆ ಒಗೆಯುವ ಕಲ್ಲುಗಳೆಲ್ಲ ಎದ್ದು ಆಚೆ ದಡ ಸೇರಿದವಂತೆ. ಆಚೆ ಊರಿನವರು ಇಂದಿಗೂ ಅವನ್ನು ಕೊಟ್ಟಿಲ್ಲ. ಭಾರದ ನೀರಿನ ದಿನ ಕೊಡ ಹೊತ್ತ ಹೆಂಗಸರ ಸೊಂಟ ಬೀಳುತ್ತದೆ, ಅವತ್ತು ಮನೆಮನೆಯಲ್ಲೂ ಜಗಳ.

ನಮ್ಮೂರಿನಿಂದ ಹೊರಗೆ ಹೋಗಲು ಕೆರೆಯೊಂದೇ ದಾರಿ. ಹಿಂದೆ ಯಾವಾಗಲೋ ದೋಣಿ ಮಗುಚಿ ಹದಿನಾಲ್ಕು ಜನ ಹೋದರು. ಅಂದಿನಿಂದ ಒಂದು ಕಟ್ಟಳೆ: ಯಾರ ಅಂಕಿ ಆ ದಿನದ ನೀರಿಗಿಂತ ಜಾಸ್ತಿಯೋ ಅವರು ದೋಣಿ ಹತ್ತುವ ಹಾಗಿಲ್ಲ. ಮಗುಚಿದರೂ ತೇಲುವವನಿಗೆ ಮಾತ್ರ ದೋಣಿ. ಅದಕ್ಕೇ ಎಲ್ಲರ ಕತ್ತಿನಲ್ಲೂ ಬಿಲ್ಲೆ. ಊರಿನಲ್ಲಿ ಹೆಚ್ಚಿನವರು ತೊಂಬತ್ತಾರರಿಂದ ತೊಂಬತ್ತೆಂಟರವರು. ನೂರು ದಾಟಿದವರು ಹನ್ನೊಂದೇ ಜನ. ಅವರು ಕೆರೆಯಲ್ಲಿ ಮೇಲಿನ ಮೆಟ್ಟಿಲಿನಲ್ಲೇ ಕೂತು ಬಟ್ಟೆ ಒಗೆಯುತ್ತಾರೆ, ಆಚೆ ದಡದ ಮದುವೆಗೆ ಅವರನ್ನು ಯಾರೂ ಕರೆಯುವುದಿಲ್ಲ. ಕರೆದು ಅವರು ಬರಲಾಗದೆ ಹೋದರೆ ಇಬ್ಬರಿಗೂ ಬೇಜಾರು ಎಂದು. ಚೆನ್ನಾಜಮ್ಮ ಇಪ್ಪತ್ತೆರಡು ವರ್ಷ ಆ ಹನ್ನೊಂದು ಜನರಲ್ಲಿ ಒಬ್ಬಳಾಗಿ ಕೂತಳು. ಅವಳ ತವರು ಆಚೆ ದಡದಲ್ಲಿ. ಇಲ್ಲಿ ನಿಂತರೆ ಅವರ ಮನೆಯ ಹೊಗೆ ಕಾಣುತ್ತದೆ.

ಅವತ್ತು ಬೆಳಿಗ್ಗೆ ಅವಳು ಮೇಲಿನ ಮೆಟ್ಟಿಲಿನಲ್ಲಿ ಕೂತು ನನ್ನ ಪಂಚೆ ಜಾಲಿಸುತ್ತಿದ್ದಳಂತೆ. ಪಂಚೆ ಕೈಜಾರಿತು. ಬಗ್ಗಿದಳು. ಪಾಚಿಯ ಮೇಲೆ ಕಾಲು ಹೋಯಿತು. ಮೆಟ್ಟಿಲೆಲ್ಲ ಉರುಳಿ ಆಳಕ್ಕೆ ಬಿದ್ದಳು. ಹೆಂಗಸರು ಬಾಯಿ ಬಡಿದುಕೊಂಡರು. ನೂರಾ ಒಂದರ ಹೆಂಗಸು ತೊಂಬತ್ತೊಂಬತ್ತರ ನೀರಿಗೆ ಬಿದ್ದರೆ ಮುಗಿಯಿತು ಎಂದೇ ಎಲ್ಲರ ಲೆಕ್ಕ. ಅಷ್ಟರಲ್ಲಿ ಅವಳು ಮೇಲೆ ಬಂದಳು. ಹಣೆ, ಮೂಗು, ಬಾಯಿ ಇಷ್ಟು ನೀರಿನ ಮೇಲಿಟ್ಟುಕೊಂಡು, ಆಕಾಶ ನೋಡುತ್ತ ಸುಮ್ಮನೆ ಮಲಗಿದ ಹಾಗೆ ತೇಲಿದಳು. ಕೆಳಗಿನ ಮೆಟ್ಟಿಲಿನಲ್ಲಿ ಒಗೆಯುತ್ತಿದ್ದ ಮಾರಕ್ಕ ಸೆರಗು ಎಸೆದು ಎಳೆದುಕೊಂಡಳು. ದಡಕ್ಕೆ ಬಂದವಳು ಯಾರ ಜೊತೆಯೂ ಮಾತಾಡದೆ, ಬಟ್ಟೆಯ ಪುಟ್ಟಿಯನ್ನೂ ಅಲ್ಲೇ ಬಿಟ್ಟು ನೇರ ಮನೆಗೆ ಬಂದಳು.

ಅವಳು ಯಾಕೆ ಮುಳುಗಲಿಲ್ಲ ಎಂದು ಈ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಅವಳು ಮದುವೆಯಾಗಿ ಬಂದಾಗ ನನ್ನ ಅಪ್ಪ ಸತ್ತು ಎರಡು ತಿಂಗಳಾಗಿತ್ತು. ಹೊಸ ಹೆಣ್ಣನ್ನು ಅಳೆದು ಬಿಲ್ಲೆ ಹಾಕುವುದು ತೂಗುವವನ ಕೆಲಸ. ನಾನು ಅಳೆದ ಮೊದಲ ಹೆಣ್ಣು ನನ್ನ ಹೆಂಡತಿಯೇ. ಮನುಷ್ಯರನ್ನು ನಾವು ನೀರಿಗಿಳಿಸಿ ಅಳೆಯುವುದಿಲ್ಲ. ಭಾರದ ನೀರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ತೆಳು ನೀರು ಹೊರಗೆ ಬಿಡುವುದಿಲ್ಲ. ಕಲ್ಲುಬಾನಿಯಲ್ಲಿ ಕೂರಿಸಿ ಕತ್ತಿನವರೆಗೆ ರಾಗಿ ಸುರಿಯುತ್ತೇವೆ. ಖಾಲಿ ಬಾನಿ ಹಿಡಿಯುವುದಕ್ಕಿಂತ ಎಷ್ಟು ಚೊಂಬು ರಾಗಿ ಕಮ್ಮಿ ಹಿಡಿಯಿತೋ ಅಷ್ಟು ಆ ಮನುಷ್ಯನ ಗಾತ್ರ. ತಲೆಗೆ ಬೇರೆ ಲೆಕ್ಕ: ಬುದ್ಧಿವಂತನಿಗೂ ನಾಲ್ಕು ಚೊಂಬು, ದಡ್ಡನಿಗೂ ನಾಲ್ಕು ಚೊಂಬು. ಆಮೇಲೆ ದೊಡ್ಡ ತಕ್ಕಡಿಯಲ್ಲಿ ತೂಗಿ, ಬಂದ ಗುಂಡನ್ನು ಚೊಂಬುಗಳಿಗೆ ಹಂಚಿದರೆ ಅಂಕಿ ಸಿಕ್ಕಿತು.

ನಮ್ಮಲ್ಲಿ ಹೊಸ ಮದುಮಗಳು ಮೂರು ತಿಂಗಳು ಮೈಮೇಲಿನ ಬೆಳ್ಳಿ ಬಿಚ್ಚುವ ಹಾಗಿಲ್ಲ. ಅಪ್ಪ ಅದನ್ನು ಅಂದಾಜಿನಲ್ಲಿ ಕಳೆಯುತ್ತಿದ್ದ. ಚೆನ್ನಾಜಮ್ಮ ಎರಡೂ ಕಾಲಿಗೆ ಹೆಬ್ಬೆರಳು ಗಾತ್ರದ ಕಡಗ, ಸೊಂಟಕ್ಕೆ ಡಾಬು ಹಾಕಿಕೊಂಡು ತಕ್ಕಡಿ ಹತ್ತಿದಳು. ಬೆಳ್ಳಿ ಕಳ್ಳ ಲೋಹ. ಒಂದು ಹಿಡಿಯಷ್ಟು ಜಾಗದಲ್ಲಿ ಎರಡು ಚೊಂಬು ನೀರಿನ ತೂಕವನ್ನು ಬಚ್ಚಿಟ್ಟುಕೊಂಡಿರುತ್ತದೆ. ರಾಗಿಗೆ ಅದು ಕಾಣುವುದೇ ಇಲ್ಲ, ತಕ್ಕಡಿಗೆ ಪೂರ್ತಿ ಕಾಣುತ್ತದೆ. ಕಳೆಯಬೇಕಾಗಿದ್ದವನು ನಾನು. ನನಗಾಗ ಇಪ್ಪತ್ತನಾಲ್ಕು ವರ್ಷ. ನಾನು ನೋಡಿದ್ದು ಅವಳ ಕಾಲನ್ನು, ಕಡಗವನ್ನಲ್ಲ. ನೂರಾ ಒಂದು ಎಂದು ಕೂಗಿಬಿಟ್ಟೆ. ಅವಳ ಮುಖ ಸಣ್ಣದಾಯಿತು.

ಮೂರು ತಿಂಗಳಾದ ಮೇಲೆ ತಂಗಿಯ ಮದುವೆಗೆಂದು ಆ ಬೆಳ್ಳಿಯನ್ನೆಲ್ಲ ಬಿಚ್ಚಿ, ಗಂಟು ಕಟ್ಟಿ, ದೋಣಿಯವನಿಗೆ ಕೊಟ್ಟು ಬಾ ಎಂದು ನನ್ನ ಕೈಗಿಟ್ಟಳು. ಗಂಟು ಕೈಗೆ ಬಂದ ಕೂಡಲೇ ಗೊತ್ತಾಯಿತು. ನನ್ನ ಕೈ ಸುಳ್ಳು ಹೇಳುವುದಿಲ್ಲ. ದೋಣಿಕಟ್ಟೆಗೆ ಹೋಗುವ ದಾರಿಯಲ್ಲೇ ಲೆಕ್ಕ ಹಾಕಿದೆ: ತೊಂಬತ್ತೇಳು. ಅವಳು ಊರಿನ ಎಲ್ಲ ಹೆಂಗಸರ ಹಾಗೆ ತೊಂಬತ್ತೇಳು. ವರ್ಷದಲ್ಲಿ ಮುನ್ನೂರು ದಿನ ಆಚೆ ದಡಕ್ಕೆ ಹೋಗಬಲ್ಲವಳು.

ಆ ಮೂರು ತಿಂಗಳಲ್ಲಿ ನೀರು ನೂರಾ ಒಂದು ದಾಟಿದ್ದು ನಾಲ್ಕೇ ದಿನ. ಅದರಲ್ಲಿ ಎರಡು ದಿನ ಅವಳು ಕುಣಿದುಕೊಂಡು ತವರಿಗೆ ಹೋಗಿದ್ದಳು. ಹೋದವಳು ವಾಪಸಾಗುವ ನೀರಿಗೆ ಕಾಯುತ್ತ ಒಂದು ಸಲ ಹನ್ನೆರಡು ದಿನ, ಇನ್ನೊಂದು ಸಲ ಇಪ್ಪತ್ತು ದಿನ ಅಲ್ಲೇ ಉಳಿದಿದ್ದಳು. ಅಷ್ಟು ದಿನ ನಾನು ಒಬ್ಬನೇ ಮುದ್ದೆ ತಿರುವಿಕೊಂಡು, ಒಬ್ಬನೇ ಉಂಡು, ಗೋಡೆಯನ್ನು ಬೈಯುತ್ತ ಕೂತಿದ್ದೆ. ತಾಯಿ ಇಲ್ಲ, ಅಪ್ಪ ಇಲ್ಲ, ನನ್ನ ಬಾಯಿಗೆ ಹೆದರಿ ನೆಂಟರೂ ಇಲ್ಲ. ತೊಂಬತ್ತೇಳು ಎಂದು ತಿದ್ದಿದರೆ ಇವಳು ದಿನ ಬೆಳಗಾದರೆ ಹೋಗುತ್ತಾಳೆ ಎನ್ನಿಸಿತು. ನಾಳೆ ತಿದ್ದೋಣ ಎಂದುಕೊಂಡೆ. ಮರುದಿನ ಅವಳು ಹುರುಳಿ ಸಾರು ಮಾಡಿದ್ದಳು. ಇನ್ನೊಂದು ವಾರ ಹೋಗಲಿ ಎಂದುಕೊಂಡೆ. ಹೀಗೆ ಇಪ್ಪತ್ತೆರಡು ವರ್ಷವಾಯಿತು. ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಅಂಗಳದ ಜಗಳಕ್ಕೆ ಬರುತ್ತೇನೆ. ಅವಳು ಸೀರೆ ಬದಲಾಯಿಸಲು ಒಳಗೆ ಹೋಗುವುದಕ್ಕೂ ಹೊರಗೆ ಜನ ಬರುವುದಕ್ಕೂ ಸರಿಹೋಯಿತು. ಮುಂದೆ ಊರಿನ ಯಜಮಾನ ಉಗ್ರಪ್ಪ, ಅವನ ಹಿಂದೆ ದೋಣಿಯ ಗೂಳಯ್ಯ, ಅವನ ಹಿಂದೆ ಒಗೆಯುವ ಹೆಂಗಸರೆಲ್ಲ.

“ಪಾಪಣ್ಣ, ಬಾರಪ್ಪ ಹೊರಕ್ಕೆ,” ಎಂದ ಉಗ್ರಪ್ಪ. “ಮೂರು ದೋಣಿ ನಿಂತ್ಬಿಟ್ಟವೆ. ಹತ್ತಿ ಕೂತಿದ್ದೋರೂ ಇಳ್ಕೊಂಡ್ರು. ನಿನ್ನ ಹೆಂಡ್ತಿ ತೇಲಿದ್ದು ಹೆಂಗೆ?”

“ತೇಲಿದ್ಲು, ಬದುಕಿದ್ಲು. ಅದಕ್ಕೆ ಪಂಚಾಯ್ತಿ ಯಾಕೆ?”

“ಬದುಕಿದ್ದು ಸಂತೋಷನೇ ಕಣಯ್ಯ,” ಎಂದ ಗೂಳಯ್ಯ. “ಆದ್ರೆ ನೂರಾ ಒಂದು ತೇಲ್ಬೇಕಾದ್ರೆ ನೀರು ನೂರಾ ಎರಡಾದ್ರೂ ಇರ್ಬೇಕು. ನೀನು ಕೂಗಿದ್ದು ತೊಂಬತ್ತೊಂಬತ್ತು. ಇವತ್ತು ಮೂರು ಹೆಚ್ಗೆ ಇರೋದನ್ನ ಕಮ್ಮಿ ಕೂಗ್ದೆ, ಸರಿ, ಯಾರೂ ಸಾಯ್ಲಿಲ್ಲ. ನಾಳೆ ಕಮ್ಮಿ ಇರೋದನ್ನ ಹೆಚ್ಗೆ ಕೂಗಿದ್ರೆ? ನಿನ್ನ ಬಾಯಿ ನಂಬ್ಕೊಂಡು ಜನ ಹತ್ತಿಸ್ಕೊಳ್ಳೋನು ನಾನು.”

ದಾರಿ ನನ್ನ ಕಣ್ಣ ಮುಂದೆ ಬಿಚ್ಚಿಕೊಂಡೇ ಇತ್ತು. ಹೌದಪ್ಪ, ನೀರು ತಪ್ಪು ತೂಗಿದೆ, ನಿದ್ದೆಗಣ್ಣಿನಲ್ಲಿ ಮೂರು ಗುಂಡು ಕಮ್ಮಿ ಹಾಕಿದೆ ಎಂದರೆ ಮುಗಿಯುತ್ತಿತ್ತು. ಚೊಂಬು ಕಿತ್ತುಕೊಳ್ಳುತ್ತಿದ್ದರು, ತೂಗುವ ಕೆಲಸ ಇನ್ನೊಬ್ಬನಿಗೆ ಹೋಗುತ್ತಿತ್ತು. ಚೆನ್ನಾಜಮ್ಮ ನೂರಾ ಒಂದಾಗಿಯೇ ನನ್ನ ಮನೆಯಲ್ಲಿ ಉಳಿಯುತ್ತಿದ್ದಳು. ಹಾಗೇ ಹೇಳೋಣ ಎಂದು ಬಾಯಿ ತೆರೆದೆ. ದೇವರಾಣೆ ತೆರೆದೆ.

ಆಗ ಗೂಳಯ್ಯ ಉಗ್ರಪ್ಪನ ಕಡೆ ತಿರುಗಿ, ನನಗೆ ಕೇಳುವ ಹಾಗೆಯೇ, “ಪಾಪ, ವಯಸ್ಸಾಯ್ತಲ್ಲ, ಕೈ ನಡುಗ್ತದೆ. ಇವರಪ್ಪನ ಕೈಯೇ ಬೇರೆ ಬಿಡಿ,” ಎಂದ.

“ಯಾವನೋ ಅವನು ಕೈ ನಡುಗ್ತದೆ ಅಂದೋನು!” ಎಂದು ಜಗಲಿಯಿಂದ ಧುಮುಕಿದೆ. “ನಡಿರೋ ಕೆರೆಗೆ! ನಿಮ್ಮ ಕಣ್ಣೆದುರಿಗೇ ತೂಗ್ತೀನಿ. ಒಂದು ಗುಂಡು ಹೆಚ್ಚುಕಮ್ಮಿ ಬಂದ್ರೆ ಈ ಚೊಂಬು ಕುತ್ತಿಗೆಗೆ ಕಟ್ಕೊಂಡು ನಾನೇ ಕೆರೆಗೆ ಬೀಳ್ತೀನಿ!”

ಹೋದರು. ತೂಗಿದೆ. ಗೂಳಯ್ಯನ ಕೈಯಲ್ಲೇ ಗುಂಡು ಎಣಿಸಿದೆ. ತೊಂಬತ್ತೊಂಬತ್ತು. ಇನ್ನೊಂದು ಚೊಂಬು ತುಂಬಿ ಉಗ್ರಪ್ಪನ ಕೈಯಲ್ಲಿ ಎಣಿಸಿದೆ. ತೊಂಬತ್ತೊಂಬತ್ತು. ತಕ್ಕಡಿಯ ಮುಳ್ಳು ಅಲುಗದೆ ನಿಂತಿತ್ತು. “ನೋಡ್ಕೊಂಡ್ರೇನ್ರೋ! ನನ್ನ ನೀರು ಯಾವತ್ತೂ ತಪ್ಪಲ್ಲ!” ಎಂದು ಎದೆ ತಟ್ಟಿಕೊಂಡೆ.

ಎಲ್ಲರ ತಲೆಗಳೂ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಚೆನ್ನಾಜಮ್ಮ ಒಣಗಿದ ಸೀರೆ ಉಟ್ಟುಕೊಂಡು ಅಲ್ಲಿಗೇ ಬಂದು ನಿಂತಿದ್ದಳು. ನಾನು ಏನು ಮಾಡಿದೆ ಎಂಬುದು ನನಗೆ ಆಗ ಗೊತ್ತಾಯಿತು.

“ಹಂಗಾದ್ರೆ ನಾನೇ ತಪ್ಪು,” ಎಂದಳು ಅವಳು. “ನನ್ನನ್ನ ತೂಗಿ.”

ಬಾನಿಯ ಸುತ್ತ ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಮಾರಕ್ಕ ರಾಗಿ ಸುರಿದಳು, ನಾನು ಹೊರಗೆ ನಿಂತು ಎಣಿಸಿದೆ. ಒಳಗಿನಿಂದ ಮಾರಕ್ಕನ ಬಾಯಿ ಸುಮ್ಮನಿರಲಿಲ್ಲ. “ಅಯ್ಯೋ, ಚೆನ್ನಾಜಿ, ಹೊಟ್ಟೆ ಒಳಗೆಳ್ಕೋಬೇಡ ಕಣೆ, ಇಲ್ಯಾರೂ ನಿನ್ನ ನೋಡೋಕೆ ಬಂದಿಲ್ಲ. ಉಸಿರು ಬಿಡು. ಬಿಡೇ ಅಂದ್ರೆ!” ಹೆಂಗಸರು ನಕ್ಕರು. ಗಾತ್ರ, ತಲೆಯೂ ಸೇರಿ, ಐವತ್ತನಾಲ್ಕು ಚೊಂಬು. ರಾಗಿ ಕೊಡವಿಕೊಂಡು ಬಂದು ದೊಡ್ಡ ತಕ್ಕಡಿ ಹತ್ತಿದಳು. ಐನೂರರ ಸೀಸದ ಗಟ್ಟಿ ಹತ್ತು, ನೂರರದು ಎರಡು, ಮೇಲೆ ಬಿಡಿ ಗುಂಡು ಮೂವತ್ತೆಂಟು. ಐದು ಸಾವಿರದ ಇನ್ನೂರ ಮೂವತ್ತೆಂಟು. ಹಂಚುವ ಅಗತ್ಯ ನನಗಿರಲಿಲ್ಲ, ಆದರೂ ಎಲ್ಲರೂ ನೋಡುತ್ತಿದ್ದರೆಂದು ಬೂದಿ ಹರಡಿ ಬೆರಳಿನಲ್ಲಿ ಬರೆದು ಹಂಚಿದೆ.

ಕೂಗಬೇಕಾದವನು ತೂಗುವವನೇ. “ಚೆನ್ನಾಜಮ್ಮ, ತೊಂಬತ್ತೇಳು,” ಎಂದು ಕೂಗಿದೆ. ಎದುರು ಮನೆಗೆ ಕೇಳುವಷ್ಟೂ ದನಿ ಬರಲಿಲ್ಲ.

ಜನ ಹೋ ಎಂದು ನಕ್ಕುಬಿಟ್ಟರು. ಕೇಡಿನ ನಗುವಲ್ಲ, ಎದೆ ಹಗುರಾದ ನಗು. ಅವರಿಗೆ ನೀರು ಸರಿಯಿದ್ದರೆ ಸಾಕಾಗಿತ್ತು. ಉಗ್ರಪ್ಪ ಮೀಸೆ ಸವರಿ, “ವಯಸ್ಸಾದಂಗೆ ಅಂಕಿ ಇಳೀತದೆ ಕಣಪ್ಪ. ಕೊಬ್ಬು ಸೇರ್ಕೊಂಡ್ರೆ ಮನುಷ್ಯ ಹಗುರ. ನಮ್ಮಜ್ಜಿನೂ ಹಂಗೇ ಎರಡು ಇಳಿದಿತ್ತು,” ಎಂದು ತೀರ್ಪು ಕೊಟ್ಟ. ಗೂಳಯ್ಯ ನನ್ನ ಬೆನ್ನು ತಟ್ಟಿ, “ನಿನ್ನ ಕೈ ಕೈಯೇ ಬಿಡು,” ಎಂದು ದೋಣಿ ಕಡೆ ಓಡಿದ. ಮಾರಕ್ಕ, “ಇನ್ನೇನವ್ವ, ನಾಳೆಯಿಂದ ಕೆಳಗಿನ ಮೆಟ್ಟಿಲಿಗೆ ಬಾ, ಮೇಲೆ ಕೂತು ಕೂತು ನಿನಗೂ ಆ ಹತ್ತು ಜನರ ಮುಖ ನೋಡಿ ಸಾಕಾಗಿರ್ತದೆ,” ಎಂದಳು. ಕಾಲು ಗಂಟೆಯಲ್ಲಿ ಕಟ್ಟೆ ಖಾಲಿ. ನಾನು ಹಳೆಯ ಬಿಲ್ಲೆಯನ್ನು ತಟ್ಟಿ ಸಪಾಟು ಮಾಡಿ, ಹೊಸದನ್ನು ಕೊರೆದುಕೊಟ್ಟೆ. ಉಗ್ರಪ್ಪನ ಮಾತು ನನಗೆ ಸಿಕ್ಕ ಹಗ್ಗವಾಗಿತ್ತು. ವಯಸ್ಸು. ಕೊಬ್ಬು. ಯಾವಾಗ ಇಳಿಯಿತೋ ಯಾರಿಗೆ ಗೊತ್ತು? ಇತ್ತೀಚೆಗೆ ಇರಬೇಕು. ಇದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು.

ಮನೆಗೆ ಬಂದು ಅವಳು ಒಲೆ ಹೊತ್ತಿಸಿದಳು. ನಾನು ಕಂಬಕ್ಕೊರಗಿ ಕೂತೆ. ಬೆನ್ನು ತಿರುಗಿಸಿಕೊಂಡೇ, “ಬೆಳಿಗ್ಗೆ ಸುಮ್ನೆ ನಿನ್ನ ಮೇಲೆ ಕೂಗಾಡ್ಬಿಟ್ಟೆ,” ಎಂದಳು.

“ಹೋಗ್ಲಿ ಬಿಡು.”

“ನೀನೇನ್ ಮಾಡ್ತೀಯ. ಹಾಕಿದ್ದನ್ನ ತೂಗೋದು ನಿನ್ನ ಕೆಲಸ. ಮೈ ನಂದು. ಹಗುರ ಆಗಿದ್ದು ನಂಗೇ ತಿಳೀಬೇಕಾಗಿತ್ತು.”

ನಾನು ಪಂಚೆಗೆ ಹತ್ತಿದ್ದ ರಾಗಿ ಕೊಡವಿದೆ.

“ಆ ಅಂಕಿ ಬರೆಯೋ ಪುಸ್ತಕ ಇದೆಯಲ್ಲ,” ಎಂದಳು. “ಅವ್ವ ಮಲಗಿದ್ಲಲ್ಲ, ಆರು ವರ್ಷದ ಕೆಳಗೆ, ಆ ವಾರದ್ದು ಓದು.”

“ಈಗ್ಯಾಕೆ ಅದು? ಹಸಿವಾಗಿದೆ ನಂಗೆ.”

“ಮುದ್ದೆ ಬೇಯೋದ್ರೊಳಗೆ ಓದು.”

ಪುಸ್ತಕ ತಂದೆ. ತರದಿದ್ದರೆ ಅನುಮಾನ ಬರುತ್ತಿತ್ತು. ಆ ವಾರವನ್ನು ಹುಡುಕುವುದೂ ಬೇಕಿರಲಿಲ್ಲ. ಅವಳ ತಾಯಿಗೆ ಮಾತು ನಿಂತಿದೆ, ಮಗಳನ್ನು ನೋಡಬೇಕಂತೆ ಎಂದು ಗೂಳಯ್ಯ ಸುದ್ದಿ ತಂದಿದ್ದ. ಚೆನ್ನಾಜಮ್ಮ ಅವತ್ತಿನಿಂದ ದಿನಾ ಬೆಳಿಗ್ಗೆ ನನ್ನ ಜೊತೆ ಎಂಟನೇ ಮೆಟ್ಟಿಲಿನ ಹತ್ತಿರ ಬಂದು, ಗಂಟು ಕಂಕುಳಲ್ಲಿ ಹಿಡಿದು, ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದಳು.

“ಸೋಮವಾರ ತೊಂಬತ್ತೆಂಟು,” ಎಂದು ಓದಿದೆ. “ಮಂಗಳವಾರ ತೊಂಬತ್ತೆಂಟು. ಬುಧವಾರ ನೂರು. ಗುರುವಾರ ತೊಂಬತ್ತೊಂಬತ್ತು. ಶುಕ್ರವಾರ ನೂರು. ಶನಿವಾರ ನೂರು. ಭಾನುವಾರ ತೊಂಬತ್ತೆಂಟು. ಸೋಮವಾರ ನೂರಾ ಮೂರು.”

ಆ ಎರಡನೇ ಸೋಮವಾರ ಅವಳು ಹೋಗಿದ್ದಳು. ಭಾನುವಾರ ಸಂಜೆಯೇ ಮಣ್ಣು ಮಾಡಿ ಆಗಿತ್ತು.

ಒಲೆಯ ಮುಂದೆ ಅವಳು ಮುದ್ದೆ ತಿರುವುವುದನ್ನು ಬಿಟ್ಟಳು. ಮುದ್ದೆಯ ಕೋಲು ಪಾತ್ರೆಯೊಳಗೇ ನಿಂತಿತ್ತು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ, “ಇನ್ನೊಂದ್ಸಲ ತೂಗು ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು,” ಎಂದಳು. “ಒಂದೇ ಒಂದು ಮಾತು. ನಾನು ಕೇಳ್ಲಿಲ್ಲ. ಎಲ್ರೂ ಕಲ್ಲುಹೆಂಗಸು ಅಂತಿದ್ರಲ್ಲ, ತೂಗಿಸ್ಕೊಂಡು ಇನ್ನೂ ಹೆಚ್ಗೆ ಬಂದ್ರೆ ಏನ್ಮಾಡೋದು ಅಂತ ನಾಚ್ಕೆ. ನನ್ನ ನಾಚ್ಕೆಗೆ ಅವ್ವ ಬಾಗ್ಲು ನೋಡ್ಕೊಂಡು ಸತ್ಲು. ಅವಳನ್ನ ನಾನೇ ಹಂಗೆ ಸಾಯ್ಸಿದ್ದು.”

“ಹಂಗೆಲ್ಲ ಅನ್ಬೇಡ.”

“ನಾನೇ. ಇನ್ಯಾರು? ನೀರಾ? ನೀನಾ? ನಾನೇ.”

ಅವಳ ದನಿಯಲ್ಲಿ ಅಳು ಇರಲಿಲ್ಲ. ಲೆಕ್ಕ ಹಾಕಿ ಉತ್ತರ ಬರೆದಿಟ್ಟ ಹಾಗಿತ್ತು. ನಾನು ಸುಮ್ಮನಿದ್ದಿದ್ದರೆ ಅವಳು ಮುದ್ದೆ ತಿರುವಿ ಬಡಿಸುತ್ತಿದ್ದಳು. ನಾಳೆ ಕೆಳಗಿನ ಮೆಟ್ಟಿಲಿಗೆ ಹೋಗುತ್ತಿದ್ದಳು. ವಾರಕ್ಕೊಮ್ಮೆ ತಂಗಿಯನ್ನು ನೋಡಿಕೊಂಡು ಸಂಜೆಯ ದೋಣಿಗೆ ಮನೆಗೆ ಬರುತ್ತಿದ್ದಳು. ಉಳಿದ ಆಯುಷ್ಯವೆಲ್ಲ ತಾಯಿಯನ್ನು ಕೊಂದವಳು ನಾನು ಎಂದುಕೊಂಡು, ನನಗೆ ಸಾರು ಮಾಡಿ ಹಾಕುತ್ತ ನನ್ನ ಜೊತೆಯಲ್ಲೇ ಇರುತ್ತಿದ್ದಳು. ಇದೆಲ್ಲ ನನಗೆ ಸಿಕ್ಕೇ ಬಿಟ್ಟಿತ್ತು. ಆದರೆ ಆ “ನಾನೇ” ಎಂಬ ಮಾತನ್ನು ಅವಳು ಮೂರನೇ ಸಲ ಅಂದಳಲ್ಲ, ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ನೀನಲ್ಲ ಕಣೆ!” ಎಂದು ಕಿರುಚಿದೆ. “ಮೊದ್ಲಿಂದ್ಲೂ ತೊಂಬತ್ತೇಳೇ ಇದ್ದೆ ನೀನು! ಕೊಬ್ಬೂ ಇಲ್ಲ, ವಯಸ್ಸೂ ಇಲ್ಲ! ಮದುವೇಲಿ ಬೆಳ್ಳಿ ಸೇರಿಸ್ಕೊಂಡು ತೂಗ್ಬಿಟ್ಟೆ ನಾನು!”

ಅವಳು ತಿರುಗಿದಳು. “ಬೆಳ್ಳಿ ಸೇರ್ಸಿ?”

“ಕಳೆಯೋದು ಮರ್ತೆ.”

“ಯಾವಾಗ ಗೊತ್ತಾಯ್ತು ನಿಂಗೆ?”

ಇಲ್ಲೂ ಒಂದು ಸುಳ್ಳಿಗೆ ಜಾಗವಿತ್ತು. ಇವತ್ತು ಗೊತ್ತಾಯ್ತು ಎನ್ನಬಹುದಾಗಿತ್ತು. “ನೀನು ಗಂಟು ಕೈಗಿಟ್ಟ ದಿನ,” ಎಂದೆ.

“ಮೂರನೇ ತಿಂಗಳು.”

“ಹೂಂ.”

“ಅವ್ವ ಮಲಗಿದ್ದಾಗ ಗೊತ್ತಿತ್ತು.”

“ಗೊತ್ತಿತ್ತು.”

“ಎಂಟು ದಿನ ನಿನ್ನ ಪಕ್ಕದಲ್ಲಿ ಗಂಟು ಹಿಡ್ಕೊಂಡು ನಿಂತಿದ್ನಲ್ಲ ನಾನು. ನೀನು ತೂಗ್ತಿದ್ದೆ. ಪಕ್ಕದಲ್ಲೇ ನಿಂತಿದ್ದೆ ನಾನು.”

“ನೀರನ್ನ ನಾನು ಸುಳ್ಳು ತೂಗಿಲ್ಲ,” ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಅಂಥ ಹೊತ್ತಿನಲ್ಲೂ ಅದನ್ನೇ ಹೇಳಬೇಕೆನ್ನಿಸಿತು.

ಅವಳು ಒಲೆಯ ಕೊಳ್ಳಿಗಳನ್ನು ಹೊರಗೆಳೆದು ಒಂದೊಂದನ್ನೇ ನೀರು ಚಿಮುಕಿಸಿ ಆರಿಸಿದಳು. ಅರ್ಧ ಬೆಂದ ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚಿದಳು. ಒಳಗೆ ಹೋಗಿ ಎರಡು ಸೀರೆ, ಬಾಚಣಿಗೆ, ಅವ್ವನದೊಂದು ಹಳೆಯ ಕಂಬಳಿ ಕಟ್ಟಿಕೊಂಡು ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.

“ಯಾಕೆ ಹಂಗ್ಮಾಡ್ದೆ ಅಂತ ಕೇಳೋದಿಲ್ವೇನೆ?”

“ಗೊತ್ತು ಬಿಡು. ಒಬ್ನೇ ಇರೋಕಾಗಲ್ಲ ನಿಂಗೆ.” ಅವಳು ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. “ತಿದ್ದಿದ್ರೂ ವಾಪಸ್ ಬರ್ತಿದ್ದೆ ಕಣಯ್ಯ. ಹೋಗ್ತಿದ್ದೆ, ಬರ್ತಿದ್ದೆ. ಎಲ್ಲಾರ ಮನೆ ಹೆಂಗಸ್ರೂ ಬರಲ್ವಾ?”

ಹೆದರಿಕೆಯಾದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಬಾಗಿಲು ಬಿಟ್ಟು ಸರಿದು, “ಹೋಗು! ಯಾರು ಬೇಡ ಅಂದ್ರು? ತಿರುಗಿ ಬರೋವಾಗ ನೀರು ಎಷ್ಟಿರ್ತದೋ ನೋಡ್ಕೊಂಡು ಬಾ!” ಎಂದು ಅರಚಿದೆ.

“ತೊಂಬತ್ತೆಂಟಿದ್ರೂ ಬರ್ಬೋದು ನಾನು,” ಎಂದಳು. “ಅದೇ ಈಗ ಗೊತ್ತಾಯ್ತಲ್ಲ.”

ಮಧ್ಯಾಹ್ನದ ದೋಣಿ ಹೊರಡುವುದರಲ್ಲಿತ್ತು. ನಾನು ಜಗಲಿಯಿಂದ ನೋಡಿದೆ. ಗೂಳಯ್ಯ ಅವಳ ಬಿಲ್ಲೆ ನೋಡಿ, ಏನೋ ತಮಾಷೆ ಮಾಡಿ, ಮುಂದಿನ ಹಲಗೆಯ ಮೇಲೆ ಜಾಗ ಮಾಡಿಕೊಟ್ಟ. ಅವಳು ಅಂಚಿನಲ್ಲಿ ಕೂತು ಕೈಯನ್ನು ನೀರಿನೊಳಗೆ ಇಳಿಬಿಟ್ಟಳು. ಇಪ್ಪತ್ತೆರಡು ವರ್ಷ ಅವಳು ಆಳದ ನೀರಿಗೆ ಕೈ ಒಯ್ದದ್ದನ್ನು ನಾನು ನೋಡಿರಲಿಲ್ಲ. ದೋಣಿ ಅರ್ಧ ದಾರಿ ಹೋಗುವವರೆಗೂ ಕೈ ಹಾಗೇ ಇತ್ತು. ಅವಳು ಈ ಕಡೆ ತಿರುಗಲಿಲ್ಲ.

ಇದಾಗಿ ಒಂದು ವರ್ಷದ ಮೇಲಾಯಿತು. ನಾನು ಈಗಲೂ ದಿನಾ ಎಂಟನೇ ಮೆಟ್ಟಿಲಿಗಿಳಿಯುತ್ತೇನೆ, ತೂಗುತ್ತೇನೆ, ಕೂಗುತ್ತೇನೆ. ಊರಿನವರು ಮೊದಮೊದಲು ಕೇಳುತ್ತಿದ್ದರು, ತವರಿನಲ್ಲಿ ತುಂಬ ದಿನ ಉಳಿದಳಲ್ಲ ಎಂದು. ಒಬ್ಬಿಬ್ಬರಿಗೆ ಉಗಿದ ಮೇಲೆ ಕೇಳುವುದು ನಿಂತಿತು. ಗೂಳಯ್ಯ ಒಮ್ಮೆ ಹೇಳಿದ, ಅವಳು ಅಲ್ಲಿ ಈಜು ಕಲಿತಿದ್ದಾಳಂತೆ, ತಂಗಿಯ ಮಕ್ಕಳಿಗೂ ಕಲಿಸುತ್ತಾಳಂತೆ. ನಾನು ಕೇಳದವನ ಹಾಗೆ ಗುಂಡು ಒರೆಸುತ್ತಿದ್ದೆ.

ಮೊದಲೆಲ್ಲ ಅವಳು ತವರಿನಲ್ಲಿ ಉಳಿದಾಗ ಬೇಸರಕ್ಕೆ ಒಂದು ಆಸರೆಯಿತ್ತು. ನೀರು ನೂರಾಗಿದೆ, ಪಾಪ ಅವಳೇನು ಮಾಡುತ್ತಾಳೆ, ಬರಲಾಗುವುದಿಲ್ಲ ಎಂದು ಹೇಳಿಕೊಂಡು ಉಣ್ಣುತ್ತಿದ್ದೆ. ಈಗ ಹಾಗಲ್ಲ. ತೊಂಬತ್ತೆಂಟು ಎಂದು ಕೂಗಿದರೆ ಅವಳು ಬರಬಹುದಾದ ದಿನ. ತೊಂಬತ್ತೊಂಬತ್ತು ಎಂದು ಕೂಗಿದರೂ ಬರಬಹುದಾದ ದಿನ. ನೂರು, ನೂರಾ ಐದು, ಎಲ್ಲವೂ ಬರಬಹುದಾದ ದಿನಗಳೇ. ವರ್ಷದಲ್ಲಿ ಮುನ್ನೂರು ಬೆಳಗು ನಾನು ನನ್ನ ಬಾಯಿಂದಲೇ ಅವಳಿಗೆ ದಾರಿ ತೆರೆದಿದೆ ಎಂದು ಕೂಗುತ್ತೇನೆ. ನೀರಿನ ಮೇಲೆ ದನಿ ಚೆನ್ನಾಗಿ ಸಾಗುತ್ತದೆ. ಆಚೆ ದಡಕ್ಕೆ ಕೇಳಿಸದೆ ಇರುವುದಿಲ್ಲ.

ಅಪರೂಪಕ್ಕೆ ನೀರು ತೊಂಬತ್ತೈದಕ್ಕೋ ತೊಂಬತ್ತಕ್ಕೋ ಇಳಿಯುತ್ತದೆ. ಊರಿನವರು ದೋಣಿ ಇಲ್ಲವೆಂದು ಗೊಣಗುತ್ತ ಮನೆಗೆ ಹೋಗುತ್ತಾರೆ. ಅವತ್ತು ನಾನು ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಜಗಲಿಯ ಮೇಲೆ ಕಾಲು ಚಾಚಿ ಮಲಗುತ್ತೇನೆ. ಅವತ್ತು ಯಾರೂ ಬರುವ ಹಾಗಿರುವುದಿಲ್ಲ.

ನಿನ್ನೆ ತೊಂಬತ್ತೈದು ಇತ್ತು. ಇವತ್ತು ತೊಂಬತ್ತೆಂಟು. ಆಚೆಯಿಂದ ಮೂರು ದೋಣಿ ಬಂದವು. ಮೂರರಿಂದಲೂ ಎಲ್ಲರೂ ಇಳಿಯುವವರೆಗೆ ಕಟ್ಟೆಯ ಮೇಲೆ ನಿಂತಿದ್ದೆ.